ಹಳೆಯ ಪಿಸಿಗೆ ಲಿನಕ್ಸ್ ಹಾಕಿದರೆ ಗೇಮ್ ಓಡುತ್ತಾ?

ಪ್ರಶ್ನೆ: ನನ್ನ ಡೆಸ್ಕ್‌ಟಾಪ್‌ಗೆ ಎಂಟು ವರ್ಷ ಆಯಿತು. ಏಳನೇ ತಲೆಮಾರಿನ ಐ5 ಪ್ರೊಸೆಸರ್, ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ್‍ಯಾಮ್, ಒಂದು ಚಿಕ್ಕ ಎಸ್‌ಎಸ್‌ಡಿ. ಈಗ ವಿಂಡೋಸ್ 10 ಇದೆ. ವಿಂಡೋಸ್ 11 ಹಾಕಲು ಹೋದರೆ ನಿಮ್ಮ ಪಿಸಿ ಅರ್ಹವಲ್ಲ ಅನ್ನುತ್ತದೆ. ಒಬ್ಬ ಗೆಳೆಯ ‘ಲಿನಕ್ಸ್ ಹಾಕು, ಈಗ ಎಲ್ಲಾ ಗೇಮ್ ಓಡುತ್ತವೆ’ ಅನ್ನುತ್ತಾನೆ. ಇನ್ನೊಬ್ಬ ‘ಇನ್‌ಸ್ಟಾಲ್ ಮಾಡುವುದರಲ್ಲೇ ಅರ್ಧ ಆಯುಷ್ಯ ಹೋಗುತ್ತೆ’ ಅಂತ ಹೆದರಿಸುತ್ತಾನೆ. ನಾನು ಆಡುವುದು ಕೌಂಟರ್-ಸ್ಟ್ರೈಕ್ 2, ಎಲ್ಡೆನ್ ರಿಂಗ್, ಜಿಟಿಎ 5, ವಾರಾಂತ್ಯದಲ್ಲಿ ತಮ್ಮನ ಜೊತೆ ವ್ಯಾಲರಂಟ್. ಯಾರ ಮಾತು ಕೇಳಲಿ?

ಉತ್ತರ: ನೀವು ಆಟಗಳ ಹೆಸರು ಬರೆದದ್ದು ಒಳ್ಳೆಯದಾಯಿತು. ತುಂಬಾ ಜನ ‘ಲಿನಕ್ಸ್‌ನಲ್ಲಿ ಗೇಮಿಂಗ್ ಹೇಗೆ?’ ಅಂತ ಮಾತ್ರ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರವೇ ಇಲ್ಲ. ನಿಮ್ಮ ಪಟ್ಟಿಯನ್ನೇ ನೋಡಿ. ನಾಲ್ಕು ಆಟಗಳಿಗೆ ನಾಲ್ಕು ಬೇರೆ ಬೇರೆ ಉತ್ತರ ಬರುತ್ತದೆ. ಒಂದು ಲಿನಕ್ಸ್‌ನಲ್ಲಿ ನೇರವಾಗಿ ಓಡುತ್ತದೆ. ಒಂದು ಅನುವಾದದ ಮೂಲಕ ಓಡುತ್ತದೆ, ಆದರೆ ನಿಮ್ಮ ಕಾರ್ಡ್‌ನಲ್ಲಿ ಸ್ವಲ್ಪ ಏದುಸಿರು ಬಿಡುತ್ತದೆ. ಒಂದು ಅರ್ಧ ಓಡುತ್ತದೆ. ಕೊನೆಯದು ಬಾಗಿಲನ್ನೇ ತೆಗೆಯುವುದಿಲ್ಲ. ಹಾಗಾಗಿ ನಿಮ್ಮ ಇಬ್ಬರು ಗೆಳೆಯರೂ ಅರ್ಧರ್ಧ ಸರಿ.

ಮೊದಲು ಇನ್‌ಸ್ಟಾಲ್ ವಿಷಯ. ‘ವಿಂಡೋಸ್ ಸುಲಭ, ಲಿನಕ್ಸ್ ಕಷ್ಟ’ ಅನ್ನುವವರನ್ನು ನಾನು ಒಂದೇ ಒಂದು ಪ್ರಶ್ನೆ ಕೇಳುತ್ತೇನೆ: ನೀವು ಖಾಲಿ ಡಿಸ್ಕ್‌ಗೆ ವಿಂಡೋಸ್ ಹಾಕಿದ್ದು ಯಾವಾಗ? ಹೆಚ್ಚಿನವರು ಒಮ್ಮೆಯೂ ಹಾಕಿರುವುದಿಲ್ಲ. ಕಂಪ್ಯೂಟರ್ ತಯಾರಿಸಿದವರೇ ಹಾಕಿ, ಬಿಡಿಭಾಗಗಳನ್ನು ನಡೆಸುವ ಡ್ರೈವರ್ ತಂತ್ರಾಂಶಗಳನ್ನೆಲ್ಲಾ ತುಂಬಿ, ಪೆಟ್ಟಿಗೆಯಲ್ಲಿಟ್ಟು ಕೊಟ್ಟಿರುತ್ತಾರೆ. ಬೇರೆಯವರು ಮಾಡಿಟ್ಟ ಅಡುಗೆ ಉಂಡು, ಅಡುಗೆ ಮಾಡುವುದು ಸುಲಭ ಅಂದಂತೆ ಇದು. ಲಿನಕ್ಸ್ ಹಾಕುವವರು ಮಾತ್ರ ಒಲೆ ಹಚ್ಚುವುದರಿಂದ ಶುರು ಮಾಡುತ್ತಾರೆ. ಎರಡನ್ನೂ ಖಾಲಿ ಡಿಸ್ಕ್‌ನಿಂದ ಹೋಲಿಸಿದರೆ ಚಿತ್ರ ಬದಲಾಗುತ್ತದೆ.

ಕೆಲವು ವರ್ಷದ ಹಿಂದೆ ಒಂದು ಹೊಸ ಲ್ಯಾಪ್‌ಟಾಪ್‌ಗೆ ನಾನು ವಿಂಡೋಸ್ 11 ಹಾಕಲು ಕುಳಿತೆ. ‘ಡಿಸ್ಕ್ ಆರಿಸಿ’ ಅನ್ನುವ ಪರದೆ ಬಂತು. ಅಲ್ಲಿ ಡಿಸ್ಕೇ ಇರಲಿಲ್ಲ. ಪಟ್ಟಿ ಖಾಲಿ. ಇಂಟೆಲ್‌ನ ವಿಎಂಡಿ ಅನ್ನುವ ಸ್ಟೋರೇಜ್ ವ್ಯವಸ್ಥೆ ಬಯಾಸ್‌ನಲ್ಲಿ, ಅಂದರೆ ಮದರ್‌ಬೋರ್ಡ್‌ನ ಸ್ವಂತ ಸೆಟ್ಟಿಂಗ್‌ನಲ್ಲಿ, ಚಾಲೂ ಇತ್ತು. ಅದರ ಡ್ರೈವರ್ ಇನ್‌ಸ್ಟಾಲರ್‌ನಲ್ಲಿ ಇರಲಿಲ್ಲ. ಇನ್ನೊಂದು ಕಂಪ್ಯೂಟರ್‌ನಲ್ಲಿ ಡ್ರೈವರ್ ಇಳಿಸಿ, ಪೆನ್‌ಡ್ರೈವ್‌ಗೆ ಹಾಕಿ, ಮತ್ತೆ ಶುರು ಮಾಡಿದೆ. ಡಿಸ್ಕ್ ಕಂಡಿತು, ಫೈಲ್‌ಗಳು ಇಳಿದವು, ಕಂಪ್ಯೂಟರ್ ರೀಸ್ಟಾರ್ಟ್ ಆಯಿತು. ಈಗ ‘ಇಂಟರ್ನೆಟ್‌ಗೆ ಸೇರಿಸಿ’ ಅನ್ನುವ ಪುಟ. ವೈಫೈ ಡ್ರೈವರ್ ಇಲ್ಲ. ಮುಂದಿನ ಬಟನ್ ಒತ್ತಲು ಬರುವುದಿಲ್ಲ. ಡ್ರೈವರ್ ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ಡ್ರೈವರ್ ಬೇಕು. ಕೊನೆಗೆ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ದಾಟಿದೆ. ಅದೇ ಲ್ಯಾಪ್‌ಟಾಪ್‌ಗೆ ಸುಮ್ನೆ ಕುತೂಹಲಕ್ಕೆ ಫೆಡೋರಾ ಅನ್ನುವ ಲಿನಕ್ಸ್ ಇರುವ ಪೆನ್‌ಡ್ರೈವ್ ಹಾಕಿದೆ. ವೈಫೈ, ಸೌಂಡ್, ಟಚ್‌ಪ್ಯಾಡ್ ಎಲ್ಲಾ ಮೊದಲ ನಿಮಿಷದಲ್ಲೇ ಕೆಲಸ ಮಾಡಿದವು.

ಇದರ ಅರ್ಥ ಲಿನಕ್ಸ್ ಯಾವತ್ತೂ ತೊಂದರೆ ಕೊಡುವುದಿಲ್ಲ ಅಂತಲ್ಲ. ಕೊಡುತ್ತದೆ, ಬೇರೆ ಕಡೆ. ಅತಿ ಹೊಸ ವೈಫೈ ಚಿಪ್, ಕೆಲವು ಬೆರಳಚ್ಚು ಸೆನ್ಸರ್, ಹಳೆಯ ಬ್ರಾಡ್‌ಕಾಮ್ ಚಿಪ್, ತಯಾರಕರ ಆ್ಯಪ್ ಇಲ್ಲದೆ ಬಣ್ಣ ಬದಲಿಸದ ಕೀಬೋರ್ಡ್ ದೀಪ. ವ್ಯತ್ಯಾಸ ಏನೆಂದರೆ ಲಿನಕ್ಸ್‌ನಲ್ಲಿ ಡ್ರೈವರ್‌ಗಳು ಹೆಚ್ಚಾಗಿ ಕರ್ನಲ್, ಅಂದರೆ ಓಎಸ್‌ನ ತಿರುಳಿನ ಜೊತೆಗೇ ಬರುತ್ತವೆ. ಇದ್ದರೆ ಹುಡುಕುವ ಕೆಲಸವೇ ಇಲ್ಲ. ಇಲ್ಲದಿದ್ದರೆ ತಯಾರಕರ ಸೈಟ್‌ನಲ್ಲಿ ಹುಡುಕಿದರೂ ಸಿಗುವುದು ಅಪರೂಪ. ವಿಂಡೋಸ್‌ನಲ್ಲಿ ಇದು ಉಲ್ಟಾ. ಪೆಟ್ಟಿಗೆಯಲ್ಲಿ ಇರದಿದ್ದರೂ ಎಲ್ಲೋ ಒಂದು ಕಡೆ ಡ್ರೈವರ್ ಇದ್ದೇ ಇರುತ್ತದೆ.

ನಿಮ್ಮ ವಿಷಯದಲ್ಲಿ ಎಂಟು ವರ್ಷ ಹಳೆಯ ಪಿಸಿ ಅನ್ನುವುದೇ ಒಂದು ಅನುಕೂಲ. ಆ ಕಾಲದ ಮದರ್‌ಬೋರ್ಡ್, ಸೌಂಡ್ ಚಿಪ್, ನೆಟ್‌ವರ್ಕ್ ಚಿಪ್ ಎಲ್ಲದಕ್ಕೂ ಕರ್ನಲ್‌ನಲ್ಲಿ ಡ್ರೈವರ್ ಸೇರಿ ವರ್ಷಗಳೇ ಆಗಿವೆ. ಇನ್ನೊಂದು ಅನುಕೂಲ ಲೈವ್ ಮೋಡ್. 8 ಜಿಬಿ ಪೆನ್‌ಡ್ರೈವ್‌ಗೆ ರೂಫಸ್ ಅಥವಾ ವೆಂಟಾಯ್ ಅನ್ನುವ ತಂತ್ರಾಂಶ ಬಳಸಿ ಲಿನಕ್ಸ್ ಹಾಕಿ, ಅದರಿಂದಲೇ ಕಂಪ್ಯೂಟರ್ ಶುರು ಮಾಡಿ. ಡಿಸ್ಕ್ ಮುಟ್ಟದೆ ಪೂರ್ತಿ ಸಿಸ್ಟಮ್ ತೆರೆದುಕೊಳ್ಳುತ್ತದೆ. ಹಾಡು ಕೇಳಿ, ವಿಡಿಯೋ ನೋಡಿ, ಪ್ರಿಂಟರ್ ಜೋಡಿಸಿ. ಹಿಡಿಸದಿದ್ದರೆ ಪೆನ್‌ಡ್ರೈವ್ ಕಿತ್ತು ರೀಸ್ಟಾರ್ಟ್ ಮಾಡಿ, ವಿಂಡೋಸ್ ಇದ್ದ ಹಾಗೇ ಇರುತ್ತದೆ. ಮದುವೆಗೆ ಮೊದಲೇ ಸಂಸಾರ ಮಾಡಿ ನೋಡುವ ಈ ಅವಕಾಶ ವಿಂಡೋಸ್ ಇನ್‌ಸ್ಟಾಲರ್‌ನಲ್ಲಿ ಇಲ್ಲ.

ಈಗ ವಿಂಡೋಸ್ 11 ನಿಮ್ಮ ಪಿಸಿಯನ್ನು ಏಕೆ ಒಲ್ಲೆ ಅನ್ನುತ್ತದೆ ಎನ್ನುವುದು. ಅದಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು, ಸೆಕ್ಯೂರ್ ಬೂಟ್ (ಶುರುವಾಗುವಾಗ ನಂಬಿಕೆಯ ತಂತ್ರಾಂಶಕ್ಕೆ ಮಾತ್ರ ದಾರಿ ಬಿಡುವ ವ್ಯವಸ್ಥೆ) ಸಾಮರ್ಥ್ಯ ಬೇಕು, ಜೊತೆಗೆ ಪ್ರೊಸೆಸರ್ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿ ಇರಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಮೇಲೆ. ನಿಮ್ಮದು ಒಂದೇ ಮೆಟ್ಟಿಲು ಕೆಳಗೆ. ತಮಾಷೆ ಏನೆಂದರೆ ನಿಮ್ಮ ಕಾಲದ ಬಹಳಷ್ಟು ಬೋರ್ಡ್‌ಗಳ ಬಯಾಸ್‌ನಲ್ಲಿ ಪಿಟಿಟಿ ಅನ್ನುವ ಹೆಸರಲ್ಲಿ ಟಿಪಿಎಂ 2.0 ಅಡಗಿ ಕುಳಿತಿರುತ್ತದೆ, ಚಾಲೂ ಮಾಡಿರುವುದಿಲ್ಲ ಅಷ್ಟೆ. ಆದರೆ ಪ್ರೊಸೆಸರ್ ಪಟ್ಟಿಯನ್ನು ಏನೂ ಮಾಡಲಾಗದು. ರೂಫಸ್ ಬಳಸಿ ಈ ತಪಾಸಣೆಗಳನ್ನೇ ಕಿತ್ತುಹಾಕಿದ ಪೆನ್‌ಡ್ರೈವ್ ಮಾಡಬಹುದು, ಕೆಲಸವೂ ಆಗುತ್ತದೆ. ಆದರೆ ಅಂಥ ಪಿಸಿಗೆ ಅಪ್‌ಡೇಟ್ ಖಾತ್ರಿ ಇಲ್ಲ ಅಂತ ಮೈಕ್ರೋಸಾಫ್ಟ್ ಮೊದಲೇ ಹೇಳಿಬಿಟ್ಟಿದೆ. ವರ್ಷಕ್ಕೊಮ್ಮೆ ಬರುವ ಹೊಸ ಆವೃತ್ತಿಯನ್ನು ನೀವೇ ಕೈಯಾರೆ ಹಾಕಬೇಕಾಗುತ್ತದೆ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಭದ್ರತಾ ವಿಸ್ತರಣೆಗೆ ಹೆಸರು ಕೊಟ್ಟವರಿಗೆ ಇನ್ನೊಂದು ವರ್ಷ ಅಂತ ಘೋಷಿಸಿದ್ದರು.

ಇನ್ನು ಆಟಗಳಿಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು, ಏಕೆಂದರೆ ಒಳಗೆ ಏನು ನಡೆಯುತ್ತದೆ ಅಂತ ಗೊತ್ತಾದರೆ ಯಾವ ಆಟ ಓಡುತ್ತದೆ, ಯಾವುದು ಓಡಲ್ಲ ಅಂತ ನೀವೇ ಊಹಿಸಬಹುದು.

ವಿಂಡೋಸ್ ಆಟದ ಫೈಲ್ ಒಳಗೆ ಇರುವ ಆದೇಶಗಳು ಪ್ರೊಸೆಸರ್‌ಗೆ ಹೇಳಿದ್ದು. ನಿಮ್ಮ ಪ್ರೊಸೆಸರ್‌ಗೆ ವಿಂಡೋಸ್ ಬೇರೆ, ಲಿನಕ್ಸ್ ಬೇರೆ ಅಂತ ಗೊತ್ತಿಲ್ಲ. ಕೂಡು ಅಂದರೆ ಎರಡರಲ್ಲೂ ಕೂಡುತ್ತದೆ. ತೊಡಕು ಬರುವುದು ಆಟ ನಡುವೆ ವಿಂಡೋಸನ್ನು ಕೂಗಿದಾಗ: ‘ಈ ಫೈಲ್ ತೆಗೆ’, ‘ಈ ತ್ರಿಕೋನ ಬರಿ’, ‘ಈ ಸದ್ದು ಮಾಡು’. ಲಿನಕ್ಸ್‌ನಲ್ಲಿ ಆ ಕೂಗಿಗೆ ಓಗೊಡುವವರು ಇಲ್ಲ. ವೈನ್ ಅನ್ನುವ ತಂತ್ರಾಂಶ ಅಲ್ಲಿ ಬಂದು ನಿಲ್ಲುತ್ತದೆ. ಅದು ದುಭಾಷಿ. ವಿಂಡೋಸ್ ಹೆಸರಲ್ಲಿ ಓಗೊಟ್ಟು, ಕೆಲಸವನ್ನು ಲಿನಕ್ಸ್ ಕೈಯಲ್ಲಿ ಮಾಡಿಸುತ್ತದೆ. 1993ರಲ್ಲಿ ಶುರುವಾದ ಯೋಜನೆ ಇದು. ಅದರ 1.0 ಆವೃತ್ತಿ ಬಂದದ್ದು 2008ರಲ್ಲಿ! ಹದಿನೈದು ವರ್ಷ. ಮೈಕ್ರೋಸಾಫ್ಟ್‌ನ ಮೂಲ ಕೋಡ್ ನೋಡದೆ, ಹೊರಗಿನಿಂದ ತಟ್ಟಿ ಕುಟ್ಟಿ, ಅದು ಹೇಗೆ ವರ್ತಿಸುತ್ತದೆ ಅಂತ ತಿಳಿದು ಬರೆದದ್ದು. ತಾಳ್ಮೆ ಅಂದರೆ ಇದು.

ಆದರೆ ಗೇಮಿಂಗ್‌ನಲ್ಲಿ ವೈನ್ ಒಂದೇ ಸಾಕಾಗುತ್ತಿರಲಿಲ್ಲ. ಆಟಗಳು ಚಿತ್ರ ಬರೆಯಲು ಬಳಸುವುದು ಡೈರೆಕ್ಟ್‌ಎಕ್ಸ್. ಅದನ್ನು ಹಳೆಯ ಓಪನ್‌ಜಿಎಲ್‌ಗೆ ತಿರುಗಿಸುವಾಗ ವೇಗ ಸೋರಿಹೋಗುತ್ತಿತ್ತು. 2016ರಲ್ಲಿ ವಲ್ಕನ್ ಬಂತು. ಅದು ಗ್ರಾಫಿಕ್ಸ್ ಕಾರ್ಡ್‌ಗೆ ತುಂಬಾ ಹತ್ತಿರ ಕುಳಿತು ಮಾತಾಡುವ ವ್ಯವಸ್ಥೆ. ಫಿಲಿಪ್ ರೆಬೋಲೆ ಅನ್ನುವ ಜರ್ಮನ್ ಪ್ರೋಗ್ರಾಮರ್ ನಿಯರ್: ಆಟೋಮೇಟಾ ಆಟವನ್ನು ಲಿನಕ್ಸ್‌ನಲ್ಲಿ ಆಡಬೇಕು ಅನ್ನುವ ಆಸೆಯಿಂದ ಡೈರೆಕ್ಟ್‌ಎಕ್ಸ್ 11 ಅನ್ನು ವಲ್ಕನ್‌ಗೆ ತಿರುಗಿಸುವ ಡಿಎಕ್ಸ್‌ವಿಕೆ ಬರೆದರು. ಆಟ ಮಾರುವ ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿ ನಡೆಸುವ ವಾಲ್ವ್ ಕಂಪನಿ ಅವರ ಕೆಲಸಕ್ಕೆ ಹಣ ಕೊಟ್ಟಿತು. ವೈನ್, ಡಿಎಕ್ಸ್‌ವಿಕೆ ಮತ್ತು ಇನ್ನಷ್ಟು ತುಣುಕುಗಳನ್ನು ಸೇರಿಸಿ 2018ರ ಆಗಸ್ಟ್‌ನಲ್ಲಿ ಪ್ರೋಟಾನ್ ಹೆಸರಲ್ಲಿ ಸ್ಟೀಮ್ ಒಳಗೇ ಇಟ್ಟಿತು. ಅಲ್ಲಿಂದ ಆಟ ಬದಲಾಯಿತು. ನೀವು ಸ್ಟೀಮ್‌ನಲ್ಲಿ ‘ಇನ್‌ಸ್ಟಾಲ್’ ಒತ್ತುತ್ತೀರಿ, ಆಮೇಲೆ ‘ಪ್ಲೇ’ ಒತ್ತುತ್ತೀರಿ. ಅಷ್ಟೆ. ಹಿಂದೆ ಇಷ್ಟೆಲ್ಲಾ ನಡೆಯುತ್ತಿದೆ ಅಂತ ಗೊತ್ತೂ ಆಗುವುದಿಲ್ಲ.

ವಾಲ್ವ್ ಇದನ್ನು ಧರ್ಮಕ್ಕೆ ಮಾಡಿದ್ದಲ್ಲ. 2012ರಲ್ಲಿ ವಿಂಡೋಸ್ 8 ತನ್ನದೇ ಆ್ಯಪ್ ಅಂಗಡಿಯ ಜೊತೆ ಬಂದಾಗ, ವಾಲ್ವ್ ಮುಖ್ಯಸ್ಥ ಗೇಬ್ ನ್ಯೂವೆಲ್ ಅದನ್ನು ಬಹಿರಂಗವಾಗಿಯೇ ದುರಂತ ಎಂದು ಕರೆದಿದ್ದರು. ಬೇರೆಯವರ ಜಾಗದಲ್ಲಿ ಅಂಗಡಿ ಇಟ್ಟವರಿಗೆ ಮಾಲೀಕನೇ ಪಕ್ಕದಲ್ಲಿ ಅಂಗಡಿ ತೆರೆದರೆ ಹೇಗಿರುತ್ತದೆ ಹೇಳಿ. 2015ರಲ್ಲಿ ಲಿನಕ್ಸ್ ಆಧಾರದ ಸ್ಟೀಮ್ ಮಷೀನ್ ಅನ್ನುವ ಗೇಮಿಂಗ್ ಪಿಸಿಗಳು ಮಾರುಕಟ್ಟೆಗೆ ಬಂದವು, ಸೋತವು. ಆಗ ವಾಲ್ವ್ ಜನ, ಆಟ ತಯಾರಕರೇ ಲಿನಕ್ಸ್‌ಗೆ ಪ್ರತ್ಯೇಕ ಆವೃತ್ತಿ ಮಾಡಲಿ ಅಂತ ಕಾಯುತ್ತಿದ್ದರು. ಹೆಚ್ಚಿನವರು ಮಾಡಲಿಲ್ಲ. 2022ರಲ್ಲಿ ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ ಬರುವ ಹೊತ್ತಿಗೆ ಕಾಯುವುದನ್ನು ಬಿಟ್ಟು ಅನುವಾದಕ್ಕೆ ಇಳಿದಿದ್ದರು. ಅದು ಗೆದ್ದಿತು. ಅಂದಹಾಗೆ, ಓಪನ್ ಸೋರ್ಸ್ ಒಂದು ಕಡೆ, ವಾಣಿಜ್ಯ ಇನ್ನೊಂದು ಕಡೆ ಅಂತ ನಾವು ಗೆರೆ ಎಳೆಯುತ್ತೇವಲ್ಲ, ಇಲ್ಲಿ ಆ ಗೆರೆ ಸಿಗುವುದಿಲ್ಲ. ಕೋಡ್ ಮುಕ್ತ, ಸಂಬಳ ಕೊಡುವುದು ಅಂಗಡಿ.

ಈ ಅನುವಾದ ಕೆಲವೊಮ್ಮೆ ಮೂಲವನ್ನೇ ಮೀರಿಸಿದೆ. 2022ರಲ್ಲಿ ಎಲ್ಡೆನ್ ರಿಂಗ್ ಬಂದ ಹೊಸತರಲ್ಲಿ ವಿಂಡೋಸ್‌ನಲ್ಲಿ ಆಗಾಗ ತಡವರಿಸುತ್ತಿತ್ತು. ವಾಲ್ವ್ ಜನ ಡೈರೆಕ್ಟ್‌ಎಕ್ಸ್ 12ರ ಅನುವಾದ ಪದರದಲ್ಲೇ ತಿದ್ದುಪಡಿ ಮಾಡಿದರು. ಪುಟ್ಟ ಸ್ಟೀಮ್ ಡೆಕ್‌ನಲ್ಲಿ ಆ ತಡವರಿಕೆ ದೊಡ್ಡ ವಿಂಡೋಸ್ ಪಿಸಿಗಿಂತ ಕಡಿಮೆ ಇತ್ತು. ತೀರಾ ಹಳೆಯ ಆಟಗಳ ವಿಷಯದಲ್ಲೂ ಹೀಗೇ. 64 ಬಿಟ್ ವಿಂಡೋಸ್‌ನಲ್ಲಿ 16 ಬಿಟ್ ಕಾಲದ ಪ್ರೋಗ್ರಾಮ್‌ಗಳು ಓಡುವುದಿಲ್ಲ, ವೈನ್‌ನಲ್ಲಿ ಓಡುತ್ತವೆ. ತೊಂಬತ್ತರ ದಶಕದ ಸಿಡಿ ನಿಮ್ಮ ಹತ್ತಿರ ಇನ್ನೂ ಇದ್ದರೆ ಇದು ಉಪಯೋಗಕ್ಕೆ ಬರುತ್ತದೆ.

ಹಾಗಾದರೆ ಗೆಳೆಯ ಹೇಳಿದ ‘ಎಲ್ಲಾ ಗೇಮ್ ಓಡುತ್ತವೆ’ ಎಲ್ಲಿ ತಪ್ಪಿತು? ಆಂಟಿ-ಚೀಟ್‌ನಲ್ಲಿ, ಅಂದರೆ ಆಟದಲ್ಲಿ ಮೋಸ ಮಾಡುವವರನ್ನು ಹಿಡಿಯುವ ತಂತ್ರಾಂಶದಲ್ಲಿ.

ವ್ಯಾಲರಂಟ್ ಆಡುವಾಗ ವ್ಯಾನ್‌ಗಾರ್ಡ್ ಅನ್ನುವ ಕಾವಲು ತಂತ್ರಾಂಶ ಇರುತ್ತದಲ್ಲ, ಅದು ಆಟದ ಜೊತೆ ಓಡುವ ಸಾಮಾನ್ಯ ಪ್ರೋಗ್ರಾಮ್ ಅಲ್ಲ. ಕಂಪ್ಯೂಟರ್ ಶುರುವಾಗುವಾಗಲೇ ವಿಂಡೋಸ್‌ನ ಕರ್ನಲ್ ಒಳಗೆ ಡ್ರೈವರ್ ಆಗಿ ಹೋಗಿ ಕೂರುತ್ತದೆ. ಮೋಸ ಮಾಡುವವರು ಕರ್ನಲ್ ಒಳಗಿನಿಂದ ಮೋಸ ಮಾಡುತ್ತಾರೆ, ಹಾಗಾಗಿ ಕಾವಲೂ ಅಲ್ಲೇ ಬೇಕು ಅನ್ನುವುದು ಅವರ ವಾದ. ಈಗ ನಮ್ಮ ದುಭಾಷಿಯನ್ನು ನೆನಪಿಸಿಕೊಳ್ಳಿ. ವೈನ್ ಮಾತನ್ನು ಅನುವಾದಿಸುತ್ತದೆ, ಆದರೆ ಅದರ ಬಳಿ ವಿಂಡೋಸ್ ಕರ್ನಲ್ ಇಲ್ಲ. ಕಾವಲುಗಾರ ಬಂದು ಕುರ್ಚಿ ಕೇಳಿದರೆ ಕುರ್ಚಿಯೇ ಇಲ್ಲ. ಆದ್ದರಿಂದ ವ್ಯಾಲರಂಟ್ ಲಿನಕ್ಸ್‌ನಲ್ಲಿ ಓಡುವುದಿಲ್ಲ. ಯಾವ ಟ್ರಿಕ್ ಹೇಳಿಕೊಟ್ಟರೂ ನಂಬಬೇಡಿ, ಖಾತೆ ಬ್ಯಾನ್ ಆದೀತು. ಲೀಗ್ ಆಫ್ ಲೆಜೆಂಡ್ಸ್ ವರ್ಷಗಟ್ಟಲೆ ವೈನ್‌ನಲ್ಲಿ ಚೆನ್ನಾಗಿ ಓಡುತ್ತಿತ್ತು. 2024ರಲ್ಲಿ ಅದಕ್ಕೂ ವ್ಯಾನ್‌ಗಾರ್ಡ್ ಬಂತು, ಆವತ್ತಿಗೆ ಮುಗಿಯಿತು.

ಇನ್ನೊಂದು ಬಗೆ ಇದೆ, ಅದು ಹೆಚ್ಚು ಬೇಸರ ತರಿಸುವಂಥದ್ದು. ಈಸಿ ಆಂಟಿ-ಚೀಟ್ ಮತ್ತು ಬ್ಯಾಟಲ್‌ಐ ಅನ್ನುವ ಕಾವಲು ತಂತ್ರಾಂಶಗಳೆರಡೂ 2021ರಲ್ಲಿ ಪ್ರೋಟಾನ್‌ಗೆ ಬೆಂಬಲ ಘೋಷಿಸಿದವು. ಆದರೆ ಅದನ್ನು ಚಾಲೂ ಮಾಡುವುದು ಆಯಾ ಆಟದ ಕಂಪನಿಗೆ ಬಿಟ್ಟದ್ದು. ಎಲ್ಡೆನ್ ರಿಂಗ್ ಚಾಲೂ ಮಾಡಿತು, ಆನ್‌ಲೈನ್ ಕೂಡ ಓಡುತ್ತದೆ. ಜಿಟಿಎ ಆನ್‌ಲೈನ್‌ಗೆ 2024ರ ಸೆಪ್ಟೆಂಬರ್‌ನಲ್ಲಿ ಬ್ಯಾಟಲ್‌ಐ ಸೇರಿಸಿದರು, ಪ್ರೋಟಾನ್ ಬೆಂಬಲ ಮಾತ್ರ ಕೊಡಲಿಲ್ಲ. ಹಿಂದಿನ ದಿನದವರೆಗೆ ಆಡುತ್ತಿದ್ದ ಲಿನಕ್ಸ್ ಜನ ಮರುದಿನ ಹೊರಗೆ ಬಿದ್ದರು. ಅಪೆಕ್ಸ್ ಲೆಜೆಂಡ್ಸ್ ಇನ್ನೂ ವಿಚಿತ್ರ. ಎರಡೂವರೆ ವರ್ಷಕ್ಕೂ ಜಾಸ್ತಿ ಕಾಲ ಲಿನಕ್ಸ್‌ನಲ್ಲಿ ಬಿಟ್ಟುಕೊಂಡು, 2024ರ ಅಕ್ಟೋಬರ್ 31ರಂದು ಬಾಗಿಲು ಮುಚ್ಚಿದರು. ಮೋಸಗಾರರು ಲಿನಕ್ಸ್ ದಾರಿಯಿಂದ ನುಗ್ಗುತ್ತಿದ್ದಾರೆ ಅನ್ನುವ ಕಾರಣ ಕೊಟ್ಟರು.

ಕಂಪನಿಗಳನ್ನು ಬೈಯುವುದು ಸುಲಭ, ನಾನೂ ಬೈದಿದ್ದೇನೆ. ಆದರೆ ಅವರ ಕಡೆ ನಿಂತು ನೋಡಿದರೆ ಒಂದು ನಿಜವಾದ ಕಷ್ಟ ಇದೆ. ಲಿನಕ್ಸ್ ಕರ್ನಲ್‌ನ ಕೋಡ್ ಎಲ್ಲರ ಕೈಯಲ್ಲೂ ಇದೆ. ಯಾರು ಬೇಕಾದರೂ ಬದಲಿಸಿ, ತಮ್ಮದೇ ಕರ್ನಲ್ ಕಟ್ಟಿಕೊಳ್ಳಬಹುದು. ಅದು ಬಳಕೆದಾರನಿಗೆ ಸ್ವಾತಂತ್ರ್ಯ. ಆದರೆ ‘ಈ ಕಂಪ್ಯೂಟರ್ ನನಗೆ ಸುಳ್ಳು ಹೇಳುತ್ತಿಲ್ಲ’ ಅಂತ ಆಟದ ಸರ್ವರ್‌ಗೆ ಖಾತ್ರಿ ಬೇಕಾದಾಗ ಅದೇ ಸ್ವಾತಂತ್ರ್ಯ ಅಡ್ಡ ಬರುತ್ತದೆ. ಬ್ಯಾಟಲ್‌ಫೀಲ್ಡ್ 6 ವಿಂಡೋಸ್‌ನಲ್ಲೇ ಸೆಕ್ಯೂರ್ ಬೂಟ್ ಚಾಲೂ ಇಲ್ಲದೆ ಓಡುವುದಿಲ್ಲ. ಅಂದರೆ ಆನ್‌ಲೈನ್ ಸ್ಪರ್ಧೆಯ ಆಟಗಳು ಇನ್ನಷ್ಟು ಬಿಗಿಯಾಗುತ್ತಿವೆ. ಒಬ್ಬರೇ ಆಡುವ ಆಟಗಳು ಮಾತ್ರ ವರ್ಷದಿಂದ ವರ್ಷಕ್ಕೆ ಸಲೀಸಾಗುತ್ತಿವೆ. ಬಲ್ಡರ್ಸ್ ಗೇಟ್ 3, ಸೈಬರ್‌ಪಂಕ್ 2077, ಹೇಡೀಸ್, ಸ್ಟಾರ್‌ಡ್ಯೂ ವ್ಯಾಲಿ ಇಂಥವು ಓಡುತ್ತವೋ ಇಲ್ಲವೋ ಅಂತ ನಾನು ಈಗ ಯೋಚನೆಯನ್ನೂ ಮಾಡುವುದಿಲ್ಲ.

ಈಗ ನಿಮ್ಮ ಪಟ್ಟಿ. ಕೌಂಟರ್-ಸ್ಟ್ರೈಕ್ 2 ವಾಲ್ವ್‌ನದೇ ಆಟ, ಲಿನಕ್ಸ್ ಆವೃತ್ತಿಯೇ ಇದೆ. ಆದರೆ ಫೇಸಿಟ್ ಅನ್ನುವ ಹೊರಗಿನ ಸ್ಪರ್ಧಾ ತಾಣದಲ್ಲಿ ಆಡುವ ಅಭ್ಯಾಸ ಇದ್ದರೆ ಅದರ ಆಂಟಿ-ಚೀಟ್ ವಿಂಡೋಸ್‌ಗೆ ಮಾತ್ರ. ಜಿಟಿಎ 5ರ ಕಥೆ ಭಾಗ ಓಡುತ್ತದೆ, ಆನ್‌ಲೈನ್ ಇಲ್ಲ. ಎಲ್ಡೆನ್ ರಿಂಗ್ ಓಡುತ್ತದೆ, ಆದರೆ ಇಲ್ಲಿ ನಿಮ್ಮ ಕಾರ್ಡ್ ಬಗ್ಗೆ ಮಾತಾಡಬೇಕು.

ಜಿಟಿಎಕ್ಸ್ 1060 ಎನ್‌ವಿಡಿಯಾದ ಪ್ಯಾಸ್ಕಲ್ ತಲೆಮಾರಿನದು. ಎಎಂಡಿ ಕಾರ್ಡ್‌ಗಳ ಡ್ರೈವರ್ ಲಿನಕ್ಸ್‌ನಲ್ಲಿ ಮುಕ್ತವಾಗಿ, ಸಿಸ್ಟಮ್ ಜೊತೆಗೇ ಬರುತ್ತದೆ, ಅದಕ್ಕೆ ಏನೂ ಮಾಡಬೇಕಿಲ್ಲ. ಎನ್‌ವಿಡಿಯಾಗೆ ಅದರದ್ದೇ ಮುಚ್ಚಿದ ಡ್ರೈವರ್ ಹಾಕಿಕೊಳ್ಳಬೇಕು. 2022ರಿಂದ ಕರ್ನಲ್ ಭಾಗವನ್ನು ಮುಕ್ತ ಮಾಡಿದ್ದಾರೆ, ಆದರೆ ಅದು ಪ್ಯಾಸ್ಕಲ್‌ಗಿಂತ ಹೊಸ ಕಾರ್ಡ್‌ಗಳಿಗೆ. ನಿಮ್ಮ ಕಾರ್ಡ್‌ಗೆ ಬೆಂಬಲ ಇರುವ ಕೊನೆಯ ಡ್ರೈವರ್ ಸರಣಿ 580. ಅದರ ಮುಂದಿನ ಸರಣಿ ನಿಮ್ಮ ಕಾರ್ಡನ್ನು ಗುರುತಿಸುವುದಿಲ್ಲ. ಹಾಗಾಗಿ ಎಲ್ಲವನ್ನೂ ಯಾವಾಗಲೂ ಹೊಸದಕ್ಕೆ ತಳ್ಳುವ ಆರ್ಚ್ ಬಗೆಯ ಲಿನಕ್ಸ್ ನಿಮಗೆ ಬೇಡ. ಗೇಮಿಂಗ್‌ಗೆ ಅಂತ ಗೆಳೆಯ ಅದೇ ಬಗೆಯ ಕ್ಯಾಚಿಒಎಸ್ ಹೊಗಳಿದರೂ ಈ ಪಿಸಿಗೆ ಬೇಡ. ಒಂದು ಬೆಳಗ್ಗೆ ಅಪ್‌ಡೇಟ್ ಆಗಿ ಪರದೆ ಕಪ್ಪಾಗಬಹುದು. ಲಿನಕ್ಸ್ ಮಿಂಟ್ 22 ಹಾಕಿ. 2029ರವರೆಗೆ ಬೆಂಬಲ ಇದೆ. ಅದರಲ್ಲಿ ಡ್ರೈವರ್ ಮ್ಯಾನೇಜರ್ ಅನ್ನುವ ಕಿಟಕಿ ಇದೆ. ‘ಶಿಫಾರಸು’ ಅಂತ ಗುರುತು ಇರುವ ಡ್ರೈವರ್ ಆರಿಸಿ, ರೀಸ್ಟಾರ್ಟ್ ಮಾಡಿದರೆ ಸಾಕು.

ಒಂದು ಎಚ್ಚರಿಕೆ. ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಇನ್‌ಸ್ಟಾಲ್ ಮಧ್ಯೆ ಒಂದು ಪಾಸ್‌ವರ್ಡ್ ಕೇಳಬಹುದು. ಮುಂದಿನ ಸಲ ಶುರುವಾಗುವಾಗ ಒಂದು ನೀಲಿ ಪರದೆ ಬಂದು ಅದೇ ಪಾಸ್‌ವರ್ಡ್ ಕೇಳುತ್ತದೆ. ಹೆಚ್ಚಿನವರು ಗಾಬರಿಯಾಗಿ ‘ಮುಂದುವರಿ’ ಒತ್ತಿಬಿಡುತ್ತಾರೆ. ಆಮೇಲೆ ಡ್ರೈವರ್ ಲೋಡ್ ಆಗುವುದಿಲ್ಲ, ಆಟ ಸೆಕೆಂಡಿಗೆ ಐದು ಫ್ರೇಮ್‌ನಲ್ಲಿ ತೆವಳುತ್ತದೆ, ಲಿನಕ್ಸ್ ಸರಿಯಿಲ್ಲ ಅಂತ ತೀರ್ಮಾನವಾಗುತ್ತದೆ. ಆ ಪರದೆಯಲ್ಲಿ ‘ಎನ್‌ರೋಲ್’ ಆರಿಸಿ.

ವೇಗದ ಬಗ್ಗೆ ನಿರೀಕ್ಷೆ ಹೀಗಿರಲಿ. ಡೈರೆಕ್ಟ್‌ಎಕ್ಸ್ 11 ಆಟಗಳಲ್ಲಿ ವಿಂಡೋಸ್‌ಗೆ ಹತ್ತಿರಹತ್ತಿರ ಸಿಗುತ್ತದೆ. ಡೈರೆಕ್ಟ್‌ಎಕ್ಸ್ 12 ಆಟಗಳಲ್ಲಿ ಎನ್‌ವಿಡಿಯಾ ಕಾರ್ಡ್‌ಗಳು ಲಿನಕ್ಸ್‌ನಲ್ಲಿ ಹಿಂದೆ ಬೀಳುತ್ತವೆ, ಪ್ಯಾಸ್ಕಲ್ ಜಾಸ್ತಿಯೇ ಬೀಳುತ್ತದೆ. ಎಲ್ಡೆನ್ ರಿಂಗ್ ಡೈರೆಕ್ಟ್‌ಎಕ್ಸ್ 12 ಆಟ. ಜೊತೆಗೆ ಅದು ಕೇಳುವ ಕನಿಷ್ಠ ಕಾರ್ಡೇ 1060. ಅಂದರೆ ಮೊದಲೇ ಅಂಚಿನಲ್ಲಿ ನಿಂತಿದ್ದೀರಿ. ಸೆಟ್ಟಿಂಗ್ ಇಳಿಸಿ ಆಡಬಹುದು, ವಿಂಡೋಸ್‌ನಷ್ಟು ಸಲೀಸು ಇರುವುದಿಲ್ಲ. ಮೇಲೆ ಸ್ಟೀಮ್ ಡೆಕ್ ಬಗ್ಗೆ ಹೇಳಿದ್ದು ನಿಮಗೆ ಹೊಂದುವುದಿಲ್ಲ, ಅದರಲ್ಲಿ ಇರುವುದು ಎಎಂಡಿ ಚಿಪ್. ಮೊದಲ ಸಲ ಆಟ ತೆರೆದಾಗ ಸ್ಟೀಮ್ ‘ವಲ್ಕನ್ ಶೇಡರ್’ ಅಂತ ಏನೋ ತೋರಿಸುತ್ತಾ ಕೂರುತ್ತದೆ. ಹ್ಯಾಂಗ್ ಆಗಿದೆ ಅಂತ ಮುಚ್ಚಬೇಡಿ. ಆಡುವಾಗ ತಡವರಿಸದಿರಲಿ ಅಂತ ಮೊದಲೇ ಅಡುಗೆ ಮಾಡಿಟ್ಟುಕೊಳ್ಳುತ್ತಿರುತ್ತದೆ.

ಹೊಸ ಆಟ ಕೊಳ್ಳುವ ಮೊದಲು ಪ್ರೋಟಾನ್‌ಡಿಬಿ ಸೈಟ್ ನೋಡುವ ಅಭ್ಯಾಸ ಮಾಡಿಕೊಳ್ಳಿ. ಪ್ಲಾಟಿನಂ, ಗೋಲ್ಡ್ ಅಂತ ದರ್ಜೆ ಕೊಟ್ಟಿರುತ್ತಾರೆ. ನಾನು ದರ್ಜೆ ನೋಡುವುದಿಲ್ಲ, ಕೆಳಗೆ ಜನ ಬರೆದ ಅನುಭವ ಓದುತ್ತೇನೆ. ನನ್ನ ಕಾರ್ಡ್ ಇರುವವರು ಕಳೆದ ತಿಂಗಳು ಏನು ಬರೆದರು ಅನ್ನುವುದು ಮುಖ್ಯ. ಸ್ಟೀಮ್ ಬಿಟ್ಟು ಎಪಿಕ್, ಜಿಒಜಿ ಅಂಗಡಿಗಳಲ್ಲಿ ಕೊಂಡ ಆಟಗಳಿಗೆ ಹೀರೋಯಿಕ್ ಅನ್ನುವ ಆ್ಯಪ್ ಇದೆ, ಚೆನ್ನಾಗಿದೆ. ಮೈಕ್ರೋಸಾಫ್ಟ್‌ನ ಚಂದಾ ಸೇವೆ ಪಿಸಿ ಗೇಮ್ ಪಾಸ್ ಇದ್ದರೆ ಮಾತ್ರ ಬ್ರೌಸರ್‌ನಲ್ಲಿ ಕ್ಲೌಡ್ ಮೂಲಕ ಆಡಬೇಕು, ಇಳಿಸಿಕೊಂಡು ಆಡಲಾಗದು. ಮ್ಯಾಕ್ ಬಗ್ಗೆ ನೀವು ಕೇಳಿಲ್ಲ. ಆದರೂ ವಾಣಿಜ್ಯ ಓಎಸ್ ಅಂದರೆ ಗೇಮಿಂಗ್‌ಗೆ ಸುಲಭ ಅನ್ನುವವರಿಗಾಗಿ ಹೇಳುತ್ತೇನೆ: 2019ರಲ್ಲಿ ಆಪಲ್ 32 ಬಿಟ್ ಬೆಂಬಲ ಕಿತ್ತುಹಾಕಿದಾಗ ಜನ ದುಡ್ಡು ಕೊಟ್ಟು ಕೊಂಡಿದ್ದ ಎಷ್ಟೋ ಮ್ಯಾಕ್ ಆಟಗಳು ಒಂದೇ ಅಪ್‌ಡೇಟ್‌ಗೆ ತೆರೆಯದಾದವು.

ಇಷ್ಟೆಲ್ಲಾ ಕೇಳಿದ ಮೇಲೆ ನನ್ನ ಸಲಹೆ: ಎರಡನ್ನೂ ಇಟ್ಟುಕೊಳ್ಳಿ, ಆದರೆ ಒಂದೇ ಡಿಸ್ಕ್‌ನಲ್ಲಿ ಬೇಡ. ಇನ್ನೊಂದು ಎಸ್‌ಎಸ್‌ಡಿ ಹಾಕಿ. ಮಿಂಟ್ ಹಾಕುವಾಗ ವಿಂಡೋಸ್ ಡಿಸ್ಕ್‌ನ ಕೇಬಲ್ ಕಿತ್ತಿಡಿ. ನಾನು ಒಮ್ಮೆ ಈ ಸೋಮಾರಿತನಕ್ಕೆ ದಂಡ ತೆತ್ತಿದ್ದೇನೆ. ಎರಡು ಡಿಸ್ಕ್‌ಗೂ ಒಂದೇ ಗಾತ್ರ, ತಪ್ಪಿದ್ದನ್ನು ಆರಿಸಿ ‘ಅಳಿಸು’ ಒತ್ತಿದೆ. ಮೂರು ವರ್ಷದ ಫೋಟೋ ಹೋದವು. ಕೇಬಲ್ ಕಿತ್ತಿದ್ದರೆ ಆ ತಪ್ಪು ಮಾಡಲು ಸಾಧ್ಯವೇ ಇರಲಿಲ್ಲ. ಒಂದೇ ಡಿಸ್ಕ್‌ನಲ್ಲಿ ಇಟ್ಟವರಿಗೆ ಇನ್ನೊಂದು ಕಾಟ ಇದೆ. 2024ರ ಆಗಸ್ಟ್‌ನಲ್ಲಿ ಬಂದ ಒಂದು ವಿಂಡೋಸ್ ಅಪ್‌ಡೇಟ್, ಸೆಕ್ಯೂರ್ ಬೂಟ್ ನಿಯಮ ಬಿಗಿ ಮಾಡಿ, ಎರಡೂ ಓಎಸ್ ಇದ್ದ ಎಷ್ಟೋ ಪಿಸಿಗಳಲ್ಲಿ ಲಿನಕ್ಸ್ ಶುರುವಾಗದಂತೆ ಮಾಡಿತ್ತು. ಬೇರೆ ಡಿಸ್ಕ್ ಇಟ್ಟರೆ ಇಂಥದ್ದರಿಂದ ಪೂರ್ತಿ ತಪ್ಪಿಸಿಕೊಳ್ಳುತ್ತೀರಿ ಅಂತಲ್ಲ, ಆದರೆ ಒಂದರ ಬೂಟ್ ಫೈಲ್ ಮೇಲೆ ಇನ್ನೊಂದು ಕೈ ಹಾಕುವುದು ತಪ್ಪುತ್ತದೆ.

ವಿಂಡೋಸ್‌ನಲ್ಲಿ ಮೊದಲು ಎರಡು ಕೆಲಸ ಮಾಡಿ. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದೆಯಾ ನೋಡಿ, ಇದ್ದರೆ ಅದರ ರಿಕವರಿ ಕೀ ಕಾಗದದ ಮೇಲೆ ಬರೆದಿಡಿ. ಬಯಾಸ್‌ನಲ್ಲಿ ಏನಾದರೂ ಬದಲಿಸಿದ ಕೂಡಲೇ ಅದು ಕೀ ಕೇಳಬಹುದು. ಆಮೇಲೆ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಅಂದರೂ ವಿಂಡೋಸ್ ಪೂರ್ತಿ ಮಲಗಿರುವುದಿಲ್ಲ, ಲಿನಕ್ಸ್‌ಗೆ ಆ ಡಿಸ್ಕ್‌ಗೆ ಬರೆಯಲು ಬಿಡುವುದಿಲ್ಲ. ಹಾಗಂತ ವಿಂಡೋಸ್ ಡಿಸ್ಕ್‌ನಲ್ಲಿರುವ ಸ್ಟೀಮ್ ಆಟಗಳನ್ನು ಲಿನಕ್ಸ್‌ನಿಂದ ನೇರವಾಗಿ ಓಡಿಸಲು ಹೋಗಬೇಡಿ. ಜಾಗ ಉಳಿಯುತ್ತದೆ ಅನಿಸುತ್ತದೆ, ಆದರೆ ವಿಂಡೋಸ್ ಡಿಸ್ಕ್‌ನಲ್ಲಿ ಫೈಲ್ ಜೋಡಿಸುವ ಎನ್‌ಟಿಎಫ್‌ಎಸ್ ಪದ್ಧತಿಯ ಮೇಲೆ ಪ್ರೋಟಾನ್ ಕಿರಿಕಿರಿ ಮಾಡುತ್ತದೆ. ಲಿನಕ್ಸ್ ಡಿಸ್ಕ್‌ಗೆ ಇನ್ನೊಮ್ಮೆ ಇಳಿಸಿಕೊಳ್ಳಿ.

ಹೀಗೆ ಮಾಡಿದರೆ ದಿನದ ಬ್ರೌಸಿಂಗ್, ಬ್ಯಾಂಕ್ ಕೆಲಸ, ಕೌಂಟರ್-ಸ್ಟ್ರೈಕ್, ಜಿಟಿಎ ಕಥೆ ಎಲ್ಲಾ ಮಿಂಟ್‌ನಲ್ಲಿ. ವಾರಾಂತ್ಯದಲ್ಲಿ ವಿಂಡೋಸ್‌ಗೆ ಹೋಗಿ ತಮ್ಮನ ಜೊತೆ ವ್ಯಾಲರಂಟ್, ಮನಸ್ಸಾದರೆ ಎಲ್ಡೆನ್ ರಿಂಗ್. ಬೆಂಬಲ ಮುಗಿದ ವಿಂಡೋಸನ್ನು ಆಟಕ್ಕೆ ಮಾತ್ರ ಇಟ್ಟುಕೊಂಡರೆ ಅಪಾಯ ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ. ಅಲ್ಲಿ ಬ್ಯಾಂಕ್ ಖಾತೆ ತೆರೆಯಬೇಡಿ. ಮುಂದೆ ಆ ಡಿಸ್ಕ್‌ಗೆ ಒತ್ತಾಯದಿಂದ ವಿಂಡೋಸ್ 11 ಹಾಕುವ ಯೋಚನೆ ಬಂದರೆ ಒಂದು ನೆನಪಿರಲಿ: ವಿಂಡೋಸ್ 11ರಲ್ಲಿ ವ್ಯಾಲರಂಟ್‌ಗೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎರಡೂ ಚಾಲೂ ಇರಬೇಕು. ಇನ್‌ಸ್ಟಾಲರ್‌ನ ತಪಾಸಣೆಯನ್ನು ರೂಫಸ್ ದಾಟಿಸುತ್ತದೆ, ವ್ಯಾನ್‌ಗಾರ್ಡ್‌ನ ತಪಾಸಣೆಯನ್ನು ದಾಟಿಸುವುದಿಲ್ಲ. ಬಯಾಸ್‌ನಲ್ಲಿ ಪಿಟಿಟಿ ಸಿಗುತ್ತಾ ಅಂತ ಮೊದಲೇ ನೋಡಿಕೊಳ್ಳಿ.

ಕೊನೆಗೆ ಒಂದು ಚಿಕ್ಕ ವಿಷಯ, ಇದಕ್ಕಾಗಿಯೇ ಜನ ನನಗೆ ಎಷ್ಟೋ ಸಲ ಬರೆಯುತ್ತಾರೆ. ಲಿನಕ್ಸ್‌ನಿಂದ ವಿಂಡೋಸ್‌ಗೆ ಬಂದ ಕೂಡಲೇ ಗಡಿಯಾರ ಕೆಲವು ಗಂಟೆ ಆಚೀಚೆ ತೋರಿಸುತ್ತದೆ. ಮದರ್‌ಬೋರ್ಡ್‌ನ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಸಮಯ ಬರೆದಿಡುತ್ತದೆ, ವಿಂಡೋಸ್ ಅದನ್ನೇ ನಿಮ್ಮೂರಿನ ಸಮಯ ಅಂದುಕೊಳ್ಳುತ್ತದೆ. ಸಮಯ ತಪ್ಪಿದ್ದರೆ ಆಟಗಳ ಲಾಗಿನ್ ಕೂಡ ಕೆಲವೊಮ್ಮೆ ಕೈಕೊಡುತ್ತದೆ. ಮಿಂಟ್‌ನಲ್ಲಿ ಸ್ಥಳೀಯ ಸಮಯವನ್ನೇ ಬರೆದಿಡು ಅಂತ ಒಂದೇ ಆದೇಶದಲ್ಲಿ ಹೇಳಬಹುದು. ಸುಮ್ನೆ ಮದರ್‌ಬೋರ್ಡ್‌ನ ಬ್ಯಾಟರಿ ಬದಲಿಸಲು ಹೋಗಬೇಡಿ.